ಉಗಿ ಎಂಜಿನ್ನಿನ ಒಂದು ದಿನದ ಪ್ರವಾಸ: ಟಿಕೆಟ್ಟಿನ ಹಣವೂ ಹತ್ತನೆಯ ವರ್ಷದ ಖರ್ಚೂ

ಸವಕಳಿ ಕಳೆದು ಕಳೆದು ಲೆಕ್ಕಪುಸ್ತಕದಲ್ಲಿ ಒಂದು ರೂಪಾಯಿಯ ಮೌಲ್ಯಕ್ಕೆ ಇಳಿದಿರುವ ಯಂತ್ರವೊಂದು ಕಾರ್ಖಾನೆಯ ಮೂಲೆಯಲ್ಲಿ ನಿಂತಿದ್ದರೆ ಮಾಲೀಕನ ಮುಂದೆ ಸಾಮಾನ್ಯವಾಗಿ ಎರಡೇ ದಾರಿಗಳಿರುತ್ತವೆ. ಗುಜರಿಗೆ ಹಾಕುವುದು ಒಂದು. ಜಾಗ ಬೇಕಾಗುವ ತನಕ ಅಲ್ಲಿಯೇ ಬಿಟ್ಟಿರುವುದು ಇನ್ನೊಂದು. ಬ್ರಿಟನ್ನಿನ ರೈಲ್ವೆ ಅಭಿಮಾನಿಗಳು ಅರ್ಧ ಶತಮಾನಕ್ಕೂ ಹಿಂದೆ ಮೂರನೆಯ ದಾರಿಯೊಂದನ್ನು ಕಂಡುಕೊಂಡರು. ಕಾಲ ಮೀರಿದ ಯಂತ್ರವನ್ನೇ ಸರಕನ್ನಾಗಿಸಿ, ಅದು ಓಡುವುದನ್ನು ನೋಡುವುದಕ್ಕೂ ಅದರ ಹಿಂದೆ ಕುಳಿತು ಸಾಗುವುದಕ್ಕೂ ಬೆಲೆ ಕಟ್ಟಿದರು. ಅಲ್ಲಿ ಇಂದು ಉಗಿ ಎಂಜಿನ್ನಿನ ಒಂದು ದಿನದ ಪ್ರವಾಸ ಎಂಬುದು ವ್ಯವಸ್ಥಿತವಾದ ಒಂದು ವ್ಯಾಪಾರವೇ ಆಗಿದೆ. ಬೋಗಿಗಳು ಭರ್ತಿಯಾಗುತ್ತವೆ, ಟಿಕೆಟ್ಟುಗಳು ತಿಂಗಳುಗಳ ಮುಂಚೆಯೇ ಮಾರಾಟವಾಗುತ್ತವೆ. ಆದರೂ ಈ ವ್ಯಾಪಾರದ ಅತ್ಯಂತ ಪ್ರಸಿದ್ಧ ಎಂಜಿನ್ ತನ್ನ ಇಬ್ಬರು ಮಾಲೀಕರನ್ನು ದಿವಾಳಿಯ ಬಾಗಿಲಿಗೆ ತಂದು ನಿಲ್ಲಿಸಿತು. ಗಿರಾಕಿಗಳಿಗೆ ಕೊರತೆಯಿಲ್ಲದ ವ್ಯವಹಾರದಲ್ಲಿ ಹೀಗೇಕಾಯಿತು ಎಂಬುದು ಯಂತ್ರವನ್ನು ನಂಬಿ ಬದುಕುವ ಪ್ರತಿಯೊಬ್ಬ ಉದ್ದಿಮೆದಾರನಿಗೂ ಸಂಬಂಧಿಸಿದ ಪ್ರಶ್ನೆ.

ಬೆಳಗಿನಿಂದ ರಾತ್ರಿಯವರೆಗೆ

ಇಂತಹ ಪ್ರವಾಸಗಳಲ್ಲಿ ಹೆಸರುವಾಸಿಯಾದದ್ದು 'ಕಂಬ್ರಿಯನ್ ಮೌಂಟನ್ ಎಕ್ಸ್‌ಪ್ರೆಸ್'. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ಮುಂಜಾನೆ ಹೊರಡುವ ಈ ವಿಶೇಷ ರೈಲನ್ನು ಮೊದಲಿಗೆ ಎಳೆಯುವುದು ವಿದ್ಯುತ್ ಎಂಜಿನ್. ದಕ್ಷಿಣದ ದಟ್ಟಣೆಯ ಹಳಿಗಳ ಮೇಲೆ ಗಂಟೆಗೆ ನೂರಾರು ಕಿಲೋಮೀಟರ್ ವೇಗದ ಗಾಡಿಗಳ ನಡುವೆ ಉಗಿ ಎಂಜಿನ್ನಿಗೆ ಜಾಗ ಹುಡುಕುವುದು ಕಷ್ಟವಾದ್ದರಿಂದ ಈ ಏರ್ಪಾಡು. ಉತ್ತರದ ಕಾರ್ನ್‌ಫೋರ್ತ್ ಎಂಬ ಊರಿನಲ್ಲಿ ವಿದ್ಯುತ್ ಎಂಜಿನ್ ಕಳಚಿಕೊಂಡು, ಹಿಂದಿನ ದಿನದಿಂದಲೇ ಬೆಂಕಿ ಹೊತ್ತಿಸಿ ಹದಗೊಳಿಸಿದ ಉಗಿ ಎಂಜಿನ್ ರೈಲಿಗೆ ಸೇರುತ್ತದೆ. ಬಾಯ್ಲರ್ ಎಂಬುದು ಗುಂಡಿ ಒತ್ತಿದೊಡನೆ ಏಳುವ ಯಂತ್ರವಲ್ಲ. ತಣ್ಣಗಿರುವ ಬಾಯ್ಲರನ್ನು ಅವಸರದಿಂದ ಕಾಯಿಸಿದರೆ ಲೋಹದ ಒಂದು ಭಾಗ ಹಿಗ್ಗಿ ಇನ್ನೊಂದು ಭಾಗ ಹಿಗ್ಗದೆ ಬಿರುಕು ಬಿಡುತ್ತದೆ. ಆದ್ದರಿಂದ ಪ್ರಯಾಣಿಕನು ಒಂದು ದಿನದ ಪ್ರವಾಸ ಮಾಡಿದರೆ ಎಂಜಿನ್ನಿನ ಕೆಲಸಗಾರರು ಮೂರು ದಿನ ದುಡಿದಿರುತ್ತಾರೆ.

ಕಾರ್ನ್‌ಫೋರ್ತ್‌ನಿಂದ ಕಾರ್ಲೈಲ್‌ವರೆಗಿನ ದಾರಿಯಲ್ಲಿ ಶ್ಯಾಪ್ ಎಂಬ ದಿಣ್ಣೆಯನ್ನು ಹತ್ತಬೇಕು. ಅಲ್ಲಿ ಸುಮಾರು ನಾಲ್ಕು ಮೈಲಿಗಳುದ್ದಕ್ಕೂ ಪ್ರತಿ 75 ಅಡಿಗೆ 1 ಅಡಿಯಂತೆ ಹಳಿ ಮೇಲೇರುತ್ತದೆ. ರಸ್ತೆಯ ಲೆಕ್ಕದಲ್ಲಿ ಇದು ಏನೂ ಅಲ್ಲ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಹತ್ತು ಹನ್ನೆರಡು ಬೋಗಿಗಳನ್ನು ಎಳೆಯುವಾಗ ಅದು ದೊಡ್ಡ ಏರು. ಕೆಲವರು ಕಿಟಕಿಯ ಬಳಿ ಕುಳಿತು ಗಡಿಯಾರ ಹಿಡಿದು ವೇಗವನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಟಿಕೆಟ್ಟಿನ ಹಣ ಅವರಿಗೆ ಸಾರ್ಥಕವಾಗುವುದು ಆ ಏರಿನಲ್ಲಿಯೇ.

ಕಾರ್ಲೈಲ್‌ನಲ್ಲಿ ಒಂದೆರಡು ಗಂಟೆ ತಂಗಿದ ಬಳಿಕ ಮರುಪಯಣ ಸೆಟ್ಲ್ ಮಾರ್ಗವಾಗಿ. 1876ರಲ್ಲಿ ಪ್ರಯಾಣಿಕರಿಗೆ ತೆರೆದ, ಸುಮಾರು 72 ಮೈಲಿ ಅಂದರೆ 116 ಕಿಲೋಮೀಟರ್ ಉದ್ದದ ಈ ಮಾರ್ಗ ಸಮುದ್ರಮಟ್ಟದಿಂದ 1,169 ಅಡಿ ಎತ್ತರದ ಏಸ್ ಗಿಲ್ ಎಂಬಲ್ಲಿ ತನ್ನ ನೆತ್ತಿಯನ್ನು ಮುಟ್ಟಿ, 24 ಕಮಾನುಗಳ ರಿಬ್ಬಲ್‌ಹೆಡ್ ಸೇತುವೆಯನ್ನು ದಾಟುತ್ತದೆ. ನಡುವೆ ಆಪಲ್‌ಬಿ ನಿಲ್ದಾಣದಲ್ಲಿ ಎಂಜಿನ್ನಿಗೆ ನೀರು ತುಂಬಲು ರೈಲು ನಿಲ್ಲುತ್ತದೆ. 5,000 ಗ್ಯಾಲನ್ ನೀರು ಹಿಡಿಸುವ ಟೆಂಡರ್ ಕೂಡ ಇಂತಹ ಏರುಹಾದಿಯಲ್ಲಿ ಸುಮಾರು 100 ಮೈಲಿಗೆ ಬರಿದಾಗುತ್ತದೆ. ಹಿಂದೆ ಹಳಿಗಳ ನಡುವೆ ನೀರಿನ ತೊಟ್ಟಿಗಳಿದ್ದು, ಓಡುವಾಗಲೇ ಎಂಜಿನ್ ಅದರಿಂದ ನೀರನ್ನು ಮೊಗೆದುಕೊಳ್ಳುತ್ತಿತ್ತು. ಆ ತೊಟ್ಟಿಗಳು ಮಾಯವಾಗಿ ದಶಕಗಳಾದವು. ಇಂದು ನೀರಿಗಾಗಿ ನಿಲ್ಲುವ ಸಮಯವೇ ಪ್ರವಾಸದ ಆಕರ್ಷಣೆಗಳಲ್ಲೊಂದಾಗಿದೆ; ಪ್ರಯಾಣಿಕರು ಇಳಿದು ಛಾಯಾಚಿತ್ರ ತೆಗೆದುಕೊಳ್ಳುತ್ತಾರೆ. ಕೊರತೆಯೇ ಸರಕಾದ ಇಂತಹ ಉದಾಹರಣೆ ವ್ಯಾಪಾರದಲ್ಲಿ ಅಪರೂಪ. ಇಳಿದಾರಿ ಮುಗಿದ ಮೇಲೆ ವಿದ್ಯುತ್ ಎಂಜಿನ್ ಮತ್ತೆ ಸೇರಿಕೊಂಡು ರೈಲು ರಾತ್ರಿ ಲಂಡನ್ನಿಗೆ ಮರಳುತ್ತದೆ. ಹೊರಟಲ್ಲಿಗೇ ಬಂದು ಇಳಿಯಲು ಮುನ್ನೂರು ನಾನ್ನೂರು ಜನ ಹಣ ತೆತ್ತಿರುತ್ತಾರೆ.

ಈ ಮಾರ್ಗವೇ ಒಮ್ಮೆ ಮುಚ್ಚಿಹೋಗುವುದರಲ್ಲಿತ್ತು. ರಿಬ್ಬಲ್‌ಹೆಡ್ ಸೇತುವೆಯ ದುರಸ್ತಿ ದುಬಾರಿಯೆಂಬ ಕಾರಣ ಮುಂದೊಡ್ಡಿ ಅಂದಿನ ಬ್ರಿಟಿಷ್ ರೈಲು ಸಂಸ್ಥೆ 1983ರಲ್ಲಿ ಮುಚ್ಚುವ ಪ್ರಸ್ತಾವವನ್ನು ಹೊರಡಿಸಿತು. ಅದರ ಉಸ್ತುವಾರಿಗೆ ನೇಮಕವಾದ ರಾನ್ ಕಾಟನ್ ಎಂಬ ಅಧಿಕಾರಿ ಮಾರ್ಗವನ್ನು ಮುಚ್ಚುವ ಬದಲು ಅದನ್ನು ಮಾರತೊಡಗಿದರು. ರಿಯಾಯಿತಿ ದರ, ಹೆಚ್ಚಿನ ರೈಲುಗಳು, 1986ರಲ್ಲಿ ಎಂಟು ಸಣ್ಣ ನಿಲ್ದಾಣಗಳ ಪುನರಾರಂಭ, ಹೀಗೆ ಪ್ರಯಾಣಿಕರ ಸಂಖ್ಯೆ ಹಲವು ಪಟ್ಟು ಏರಿತು. 1989ರ ಏಪ್ರಿಲ್‌ನಲ್ಲಿ ಸರಕಾರ ಮುಚ್ಚುವ ಪ್ರಸ್ತಾವವನ್ನು ತಿರಸ್ಕರಿಸಿತು.

ಒಂದು ಟಿಕೆಟ್, ನಾಲ್ಕು ಪಾಲುಗಾರರು

ಪ್ರಯಾಣಿಕನ ಕಣ್ಣಿಗೆ ಇದು ಒಂದೇ ರೈಲು. ಆದರೆ ಲೆಕ್ಕದ ದೃಷ್ಟಿಯಿಂದ ಅದರ ಹಿಂದೆ ಕನಿಷ್ಠ ನಾಲ್ಕು ಸಂಸ್ಥೆಗಳಿವೆ. ಟಿಕೆಟ್ ಮಾರುವವನು ಪ್ರವಾಸ ಸಂಘಟಕ. ಮಾರಾಟವಾಗದ ಆಸನದ ನಷ್ಟ ಅವನದು. ನಾರ್ಫೋಕ್ ಪ್ರಾಂತದ ಕಿಂಗ್ಸ್ ಲಿನ್‌ನಲ್ಲಿರುವ ರೈಲ್ವೆ ಟೂರಿಂಗ್ ಕಂಪನಿ ಈ ಬಗೆಯದು. ರೈಲನ್ನು ನಡೆಸುವವನು ಪರವಾನಗಿ ಪಡೆದ ಸಂಚಾಲಕ; ಕಾರ್ನ್‌ಫೋರ್ತ್‌ನ ವೆಸ್ಟ್ ಕೋಸ್ಟ್ ರೈಲ್ವೇಸ್ ಇದಕ್ಕೆ ಉದಾಹರಣೆ. ಚಾಲಕ, ಗಾರ್ಡ್, ವಿಮೆ, ಸುರಕ್ಷತೆಯ ಹೊಣೆ ಅವನದು. ಎಂಜಿನ್ನಿನ ಒಡೆಯ ಮೂರನೆಯವನು. ಅದು ಟ್ರಸ್ಟ್ ಆಗಿರಬಹುದು, ವಸ್ತುಸಂಗ್ರಹಾಲಯವಾಗಿರಬಹುದು, ಖಾಸಗಿ ಶ್ರೀಮಂತನಾಗಿರಬಹುದು. ಹಳಿಯ ಒಡೆತನ ನೆಟ್‌ವರ್ಕ್ ರೈಲ್ ಸಂಸ್ಥೆಯದು; ಹಳಿ ಬಳಸಿದ್ದಕ್ಕೆ ಶುಲ್ಕ ಅದಕ್ಕೆ ಸಲ್ಲಬೇಕು. ಕೆಲವೊಮ್ಮೆ ಒಬ್ಬನೇ ಎರಡು ಮೂರು ಪಾತ್ರಗಳನ್ನು ವಹಿಸುವುದುಂಟು.

ಈ ನಾಲ್ವರಲ್ಲದೆ ಐದನೆಯದೊಂದು ವರ್ಗವಿದೆ. ಅದು ಯಾವ ಬಿಲ್ಲಿನಲ್ಲಿಯೂ ಕಾಣುವುದಿಲ್ಲ. ಎಂಜಿನ್ನಿನ ಹಿಂದೆಯೇ ಜೋಡಿಸಿದ ಬೋಗಿಯಲ್ಲಿ ಸಹಾಯಕ ತಂಡವೊಂದು ಪ್ರಯಾಣಿಸುತ್ತದೆ. ಎಣ್ಣೆ ಹಾಕುವುದು, ಬೂದಿ ತೆಗೆಯುವುದು, ಕಲ್ಲಿದ್ದಲನ್ನು ಮುಂದಕ್ಕೆ ತಳ್ಳುವುದು, ನೀರಿನ ಕೊಳವೆ ಎಳೆಯುವುದು ಇವರ ಕೆಲಸ. ಇವರಲ್ಲಿ ಬಹುಪಾಲು ಜನ ಸಂಬಳವಿಲ್ಲದ ಸ್ವಯಂಸೇವಕರು. ವಾರವಿಡೀ ಬೇರೆಡೆ ದುಡಿದು ವಾರಾಂತ್ಯದಲ್ಲಿ ಮಸಿ ಬಳಿದುಕೊಳ್ಳುವ ಇವರ ಕೂಲಿಯನ್ನು ಮಾರುಕಟ್ಟೆಯ ದರದಲ್ಲಿ ಲೆಕ್ಕ ಹಾಕಿದರೆ ಅನೇಕ ಎಂಜಿನ್ನುಗಳ ಲಾಭನಷ್ಟ ಪತ್ರ ತಲೆಕೆಳಗಾದೀತು.

ಸಂಘಟಕನ ಲೆಕ್ಕ ಮದುವೆ ಛತ್ರದವನ ಲೆಕ್ಕಕ್ಕಿಂತ ಹೆಚ್ಚು ಬೇರೆಯೇನಲ್ಲ. ಹಳಿಯ ಶುಲ್ಕ, ಎಂಜಿನ್ ಬಾಡಿಗೆ, ಬೋಗಿಗಳ ಬಾಡಿಗೆ, ಸಿಬ್ಬಂದಿ, ಕಲ್ಲಿದ್ದಲು ಇವೆಲ್ಲ ರೈಲು ಭರ್ತಿಯಾದರೂ ಅರ್ಧ ಖಾಲಿಯಿದ್ದರೂ ಒಂದೇ. ಆಸನಕ್ಕೆ ತಕ್ಕಂತೆ ಬದಲಾಗುವುದು ಊಟ ಉಪಚಾರದ ಖರ್ಚು ಮಾತ್ರ. ವಿವರಣೆಗಾಗಿ ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ರೈಲಿನಲ್ಲಿ 360 ಆಸನಗಳು. ಸರಾಸರಿ ದರ 100. ಪ್ರತಿ ಪ್ರಯಾಣಿಕನ ಮೇಲಿನ ಬದಲಾಗುವ ವೆಚ್ಚ 10. ದಿನದ ಸ್ಥಿರ ವೆಚ್ಚ 27,000. ಆಗ ಪ್ರತಿ ಆಸನದಿಂದ ಉಳಿಯುವ 90ರಿಂದ 27,000ವನ್ನು ಭಾಗಿಸಿದರೆ 300 ಆಸನಗಳು ಮಾರಾಟವಾದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ. ಕೊನೆಯ 60 ಆಸನಗಳೇ ಲಾಭ; ಅಂದರೆ 5,400. ರೈಲಿನ ಆರರಲ್ಲಿ ಐದು ಭಾಗ ತುಂಬುವವರೆಗೆ ಸಂಘಟಕ ಇತರರಿಗಾಗಿ ದುಡಿಯುತ್ತಿರುತ್ತಾನೆ.

ಮೇಜಿನ ಬಳಿಯೇ ಊಟ ಬಡಿಸುವ ಉನ್ನತ ದರ್ಜೆಯನ್ನು ಬಹುತೇಕ ಎಲ್ಲ ಸಂಘಟಕರೂ ಇಟ್ಟಿರುವುದು ಇದಕ್ಕಾಗಿಯೇ. ಆ ದರ್ಜೆಯ ಟಿಕೆಟ್ ಸಾಮಾನ್ಯ ದರ್ಜೆಯ ಸುಮಾರು ಎರಡು ಪಟ್ಟು. ಹಳೆಯ ಮಾದರಿಯ ಬೋಗಿಯಲ್ಲಿ ಸಾಮಾನ್ಯ ದರ್ಜೆಗೆ 64 ಆಸನಗಳಾದರೆ ಮೊದಲ ದರ್ಜೆಗೆ 42 ಮಾತ್ರ. ಆಸನ ಕಡಿಮೆಯಾದರೂ ಬೋಗಿಯ ಒಟ್ಟು ಗಳಿಕೆ ಹೆಚ್ಚುತ್ತದೆ. ಉಗಿ ಎಂಜಿನ್ನಿನ ಹುಚ್ಚು ಇಲ್ಲದ ದಂಪತಿಗಳು ಮದುವೆಯ ವಾರ್ಷಿಕೋತ್ಸವಕ್ಕೆಂದು ಬಂದು ಊಟ ಮಾಡಿ ಹೋಗುವುದರಿಂದ ಎಂಜಿನ್ನಿನ ಹುಚ್ಚಿರುವವರ ಟಿಕೆಟ್ ಕೈಗೆಟಕುವಂತಾಗಿದೆ ಎಂದರೂ ತಪ್ಪಾಗದು.

ಕಾಣದ ಖರ್ಚು

ಮೇಲಿನ ಲೆಕ್ಕದಲ್ಲಿ ಒಂದು ದೊಡ್ಡ ಅಂಶ ಬಿಟ್ಟುಹೋಗಿದೆ. ಬಾಯ್ಲರಿಗೆ ನೀಡುವ ಪ್ರಮಾಣಪತ್ರದ ಆಯುಷ್ಯ ಸೀಮಿತವಾದದ್ದು. ಮುಖ್ಯ ಹಳಿಯ ಮೇಲೆ ಓಡುವ ಎಂಜಿನ್ನಿಗೆ ಏಳರಿಂದ ಹತ್ತು ವರ್ಷಗಳಿಗೊಮ್ಮೆ ಸಮಗ್ರ ಓವರ್‌ಹಾಲ್ ಆಗಲೇಬೇಕು. ಬಾಯ್ಲರನ್ನು ಚೌಕಟ್ಟಿನಿಂದ ಎತ್ತಿ, ಕೊಳವೆಗಳನ್ನೆಲ್ಲ ಕಿತ್ತು, ಒಳಗಿನ ಸವೆತವನ್ನು ಪರೀಕ್ಷಿಸಿ, ಗಾಲಿ, ಸಿಲಿಂಡರ್, ಬೇರಿಂಗ್‌ಗಳನ್ನೆಲ್ಲ ಬಿಚ್ಚಿ ಜೋಡಿಸುವ ಕೆಲಸ ಅದು. ಅದಕ್ಕೆ ಒಂದೆರಡು ವರ್ಷ ಹಿಡಿಯುತ್ತದೆ. ದೊಡ್ಡ ಎಂಜಿನ್ನಿಗೆ ಹತ್ತು ಲಕ್ಷ ಪೌಂಡುಗಳ ಮಾತಾಗುವುದೂ ಉಂಟು. ಅಷ್ಟೂ ಕಾಲ ಗಳಿಕೆ ಶೂನ್ಯ. ಅಕ್ಕಿ ಗಿರಣಿಗೋ ಬಣ್ಣದ ಮನೆಗೋ ಬಾಯ್ಲರ್ ಇಟ್ಟುಕೊಂಡು ವರ್ಷವರ್ಷವೂ ತಪಾಸಣಾಧಿಕಾರಿಗಾಗಿ ಕಾಯುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹಿಂದಿನ ಉದಾಹರಣೆಯಲ್ಲಿ ಎಂಜಿನ್ನೂ ಸಂಘಟಕನದೇ ಎಂದಿಟ್ಟುಕೊಂಡು, ಹತ್ತು ವರ್ಷಕ್ಕೊಮ್ಮೆ ಬರುವ ಓವರ್‌ಹಾಲ್ 10,00,000 ಎಂದು ಭಾವಿಸೋಣ. ವರ್ಷಕ್ಕೆ 25 ದಿನ ಓಡಿದರೆ ಹತ್ತು ವರ್ಷಕ್ಕೆ 250 ದಿನಗಳು. ದಿನವೊಂದರ ಪಾಲು 4,000. ಆಗ 5,400ರ ಲಾಭ 1,400ಕ್ಕೆ ಇಳಿಯುತ್ತದೆ. ವರ್ಷಕ್ಕೆ 18 ದಿನವಷ್ಟೇ ಓಡಿದರೆ ದಿನದ ಪಾಲು 5,556. ಆಗ ಪ್ರತಿ ದಿನವೂ ಪ್ರತಿ ಆಸನವೂ ಭರ್ತಿಯಾಗಿದ್ದರೂ 156ರ ನಷ್ಟ! ಕಪಟವೆಂದರೆ ಆ ನಷ್ಟ ಹತ್ತನೆಯ ವರ್ಷದವರೆಗೆ ಮುಖ ತೋರಿಸುವುದಿಲ್ಲ. ಅಲ್ಲಿಯವರೆಗೆ ಬ್ಯಾಂಕ್ ಖಾತೆಯಲ್ಲಿ ಹಣ ಬರುತ್ತಲೇ ಇರುತ್ತದೆ, ಮಾಲೀಕನಿಗೆ ತಾನು ಲಾಭದಲ್ಲಿರುವಂತೆಯೇ ತೋರುತ್ತದೆ.

ಫ್ಲೈಯಿಂಗ್ ಸ್ಕಾಟ್ಸ್‌ಮನ್ನಿನ ಅಢಾವೆ ಪತ್ರಿಕೆ

'ಫ್ಲೈಯಿಂಗ್ ಸ್ಕಾಟ್ಸ್‌ಮನ್' ಎಂಜಿನ್ 1923ರಲ್ಲಿ ಡಾಂಕಾಸ್ಟರ್ ಕಾರ್ಖಾನೆಯಲ್ಲಿ ತಯಾರಾದಾಗ ಬಿದ್ದ ವೆಚ್ಚ 7,944 ಪೌಂಡು. 1934ರಲ್ಲಿ ಗಂಟೆಗೆ 100 ಮೈಲಿ ವೇಗವನ್ನು ಅಧಿಕೃತವಾಗಿ ದಾಖಲಿಸಿದ ಮೊದಲ ಉಗಿ ಎಂಜಿನ್ ಅದಾಯಿತು. 1963ರಲ್ಲಿ ಸೇವೆಯಿಂದ ನಿವೃತ್ತಿಗೊಳಿಸಿ ಗುಜರಿಗೆ ಕಳಿಸಬೇಕೆಂದಿದ್ದಾಗ ಅಲನ್ ಪೆಗ್ಲರ್ ಎಂಬ ಉದ್ಯಮಿ ಅದನ್ನು 3,000 ಪೌಂಡಿಗೆ ಕೊಂಡರು. ಎಂಜಿನ್ನಿನೊಂದಿಗೆ ಅವರು ಪಡೆದ ಇನ್ನೊಂದು ವಸ್ತು ಎಂಜಿನ್ನಿಗಿಂತಲೂ ಬೆಲೆಯುಳ್ಳದ್ದಾಗಿತ್ತು. ಅದು ರೈಲು ಸಂಸ್ಥೆಯ ಮುಖ್ಯ ಹಳಿಗಳ ಮೇಲೆ ಕೆಲವು ವರ್ಷ ಓಡಿಸಬಹುದೆಂಬ ಲಿಖಿತ ಒಪ್ಪಂದ.

ಅದರ ಬೆಲೆ ತಿಳಿದದ್ದು 1968ರಲ್ಲಿ. ಆ ವರ್ಷದ ಆಗಸ್ಟ್ 11ರಂದು ಬ್ರಿಟಿಷ್ ರೈಲು ಸಂಸ್ಥೆ ತನ್ನ ಕೊನೆಯ ಉಗಿ ರೈಲನ್ನು ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರ್ ಮೂಲಕ ಕಾರ್ಲೈಲ್‌ಗೆ ಓಡಿಸಿತು. ಟಿಕೆಟ್ಟಿನ ಬೆಲೆ 15 ಗಿನಿ, ಅಂದರೆ 15 ಪೌಂಡು 15 ಶಿಲ್ಲಿಂಗ್. ಅಂದಿನ ಲೆಕ್ಕದಲ್ಲಿ ವಿಪರೀತ. ಇನ್ನೆಂದೂ ಸಿಗದ ಸರಕಿಗೆ ಎಷ್ಟು ಬೆಲೆ ಕೇಳಬಹುದೆಂಬುದನ್ನು ರೈಲು ಸಂಸ್ಥೆ ಸರಿಯಾಗಿಯೇ ಊಹಿಸಿತ್ತು. ಮರುದಿನದಿಂದ ಉಗಿ ಎಂಜಿನ್ನುಗಳಿಗೆ ನಿಷೇಧ. ಓಡಬಹುದಾಗಿದ್ದದ್ದು ಒಪ್ಪಂದದ ರಕ್ಷಣೆಯಿದ್ದ ಪೆಗ್ಲರ್ ಅವರ ಎಂಜಿನ್ ಮಾತ್ರ. ಆ ನಿಷೇಧ ಸಡಿಲವಾದದ್ದು 1971ರ ಅಕ್ಟೋಬರ್‌ನಲ್ಲಿ, ಹೆರೆಫರ್ಡ್‌ನ ಬಲ್ಮರ್ಸ್ ಎಂಬ ಸೇಬಿನ ಮದ್ಯ ತಯಾರಕರು 'ಕಿಂಗ್ ಜಾರ್ಜ್ ದಿ ಫಿಫ್ತ್' ಎಂಜಿನ್ನನ್ನು ದುರಸ್ತಿ ಮಾಡಿಸಿ, ತಮ್ಮ ಸರಕಿನ ಪ್ರಚಾರದ ಬೋಗಿಗಳನ್ನು ಅದಕ್ಕೆ ಜೋಡಿಸಿ ಓಡಿಸಿದಾಗ. ಜಾಹೀರಾತಿನ ಖಾತೆಗೆ ಬಿದ್ದ ಖರ್ಚೊಂದು ಉಗಿ ಪ್ರವಾಸಗಳ ಬಾಗಿಲನ್ನು ಮತ್ತೆ ತೆರೆಯಿತು.

ಪೆಗ್ಲರ್ ಅವರು 1969ರಲ್ಲಿ ಎಂಜಿನ್ನನ್ನು ಅಮೆರಿಕಕ್ಕೆ ಸಾಗಿಸಿದರು. ಬ್ರಿಟಿಷ್ ಕಂಪನಿಗಳ ಸರಕುಗಳ ಪ್ರದರ್ಶನವನ್ನು ಬೋಗಿಗಳಲ್ಲಿರಿಸಿ ಊರೂರು ಸುತ್ತುವ ವ್ಯಾಪಾರ ನಿಯೋಗ ಅದು. ಆರಂಭದಲ್ಲಿ ಸರಕಾರದ ಬೆಂಬಲವೂ ಇತ್ತು. ಜನ ಮುಗಿಬಿದ್ದರು, ಆದರೆ ಬೆಂಬಲ ನಿಂತುಹೋಯಿತು, ಖರ್ಚು ನಿಲ್ಲಲಿಲ್ಲ. 1972ರಲ್ಲಿ 1,32,000 ಪೌಂಡುಗಳ ಸಾಲದೊಂದಿಗೆ ಅವರು ದಿವಾಳಿಯಾದರು. ಎಂಜಿನ್ ಕ್ಯಾಲಿಫೋರ್ನಿಯಾದ ಸೇನಾ ಉಗ್ರಾಣವೊಂದರಲ್ಲಿ ಉಳಿಯಿತು; ಅದರ ಒಡೆಯ ಹಡಗಿನ ಪ್ರಯಾಣಿಕರಿಗೆ ಉಪನ್ಯಾಸ ಮಾಡುತ್ತ ಊರಿಗೆ ಮರಳಿದರು. 1973ರಲ್ಲಿ ವಿಲಿಯಂ ಮ್ಯಾಕಾಲ್ಪೈನ್ ಅವರು 25,000 ಪೌಂಡಿಗೆ ಎಂಜಿನ್ನನ್ನು ಬಿಡಿಸಿಕೊಂಡು ಪನಾಮಾ ಕಾಲುವೆಯ ಮೂಲಕ ಸ್ವದೇಶಕ್ಕೆ ತರಿಸಿದರು. ಕಟ್ಟಡ ನಿರ್ಮಾಣದ ಸಿರಿವಂತ ಮನೆತನದವರಾದ ಅವರಿಗೆ ಎಂಜಿನ್ನಿನ ಗಳಿಕೆಯ ಮೇಲೆಯೇ ಬದುಕುವ ಅಗತ್ಯವಿರಲಿಲ್ಲ. ಎಂಜಿನ್ನೂ ಉಳಿಯಿತು, ಮಾಲೀಕರೂ ಉಳಿದರು.

ಎರಡನೆಯ ದಿವಾಳಿ ಇನ್ನೂ ಹೆಚ್ಚು ಗಮನಾರ್ಹ. ಜೈವಿಕ ತಂತ್ರಜ್ಞಾನ ಉದ್ಯಮದಿಂದ ಹಣ ಗಳಿಸಿದ್ದ ಟೋನಿ ಮಾರ್ಚಿಂಗ್ಟನ್ ಅವರು 1996ರಲ್ಲಿ 12.5 ಲಕ್ಷ ಪೌಂಡಿಗೆ ಎಂಜಿನ್ನನ್ನು ಕೊಂಡು, ಸುಮಾರು 10 ಲಕ್ಷ ಪೌಂಡು ಸುರಿದು 1999ರಲ್ಲಿ ಅದನ್ನು ಹಳಿಗೆ ಇಳಿಸಿದರು. ಬಳಿಕ ಎಂಜಿನ್ನಿನ ಹೆಸರಿನಲ್ಲೇ ಕಂಪನಿಯೊಂದನ್ನು ರಚಿಸಿ ಷೇರುಗಳನ್ನು ಸಾರ್ವಜನಿಕರಿಗೆ ಮಾರಿದ್ದಾಯಿತು. 2003ರಲ್ಲಿ ಅವರು ದಿವಾಳಿಯಾದರು. 2004ರಲ್ಲಿ ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯ ಸಾರ್ವಜನಿಕ ದೇಣಿಗೆ ಹಾಗೂ ಅನುದಾನಗಳ ನೆರವಿನಿಂದ 23.1 ಲಕ್ಷ ಪೌಂಡಿಗೆ ಎಂಜಿನ್ನನ್ನು ಖರೀದಿಸಿತು.

ಸರಕಾರಿ ಸಂಸ್ಥೆಯ ಕೈಗೆ ಬಂದ ಮಾತ್ರಕ್ಕೆ ಲೆಕ್ಕ ಸರಿಹೋಗಲಿಲ್ಲ. 2006ರಲ್ಲಿ ಆರಂಭವಾದ ಓವರ್‌ಹಾಲ್ ಮುಗಿದದ್ದು 2016ರಲ್ಲಿ. ಒಟ್ಟು ವೆಚ್ಚ 42 ಲಕ್ಷ ಪೌಂಡು, ಅಂದರೆ ಖರೀದಿಯ ಬೆಲೆಗಿಂತ ಎಷ್ಟೋ ಹೆಚ್ಚು. ಬಿಚ್ಚಿದಷ್ಟೂ ಹೊಸ ದೋಷಗಳು ಹೊರಬಿದ್ದವು, ಚೌಕಟ್ಟಿನಲ್ಲಿಯೇ ಬಿರುಕುಗಳು ಕಂಡವು. ಆರಂಭದ ತಪಾಸಣೆ ಸಾಕಷ್ಟು ಆಳವಾಗಿರಲಿಲ್ಲವೆಂಬುದನ್ನು ವಸ್ತುಸಂಗ್ರಹಾಲಯವೇ ಪ್ರಕಟಿಸಿದ ವರದಿಗಳು ಎತ್ತಿ ತೋರಿಸಿದವು. ಹಳೆಯ ಯಂತ್ರ ಕೊಳ್ಳುವಾಗ ಬಣ್ಣ ನೋಡಿ ಬೆಲೆ ಕಟ್ಟಿದ ಅನುಭವ ನಮ್ಮ ಕೈಗಾರಿಕಾ ವಸಾಹತುಗಳಲ್ಲಿಯೂ ಅನೇಕರಿಗೆ ಇದ್ದೀತು. 2016ರ ಫೆಬ್ರವರಿ 25ರಂದು ಎಂಜಿನ್ ಲಂಡನ್ನಿನಿಂದ ಯಾರ್ಕ್‌ಗೆ ಓಡಿದಾಗ ಹಳಿಯ ಇಕ್ಕೆಲಗಳಲ್ಲಿ ಸೇರಿದ ಜನಸಾಗರವನ್ನು ಜಗತ್ತೇ ಕಂಡಿತು. ಹಳಿಯ ಪಕ್ಕದಲ್ಲಿ ನಿಂತು ನೋಡುವವನು ಮಾತ್ರ ಟಿಕೆಟ್ ಕೊಳ್ಳುವುದಿಲ್ಲ. ಈ ಉದ್ಯಮದ ಹಳೆಯ ಸಂಕಟಗಳಲ್ಲಿ ಅದೂ ಒಂದು.

ಚಂದಾ ಹಣದ ಎಂಜಿನ್

ಇದಕ್ಕೆ ವಿರುದ್ಧವಾದ ಉದಾಹರಣೆ 'ಟೊರ್ನಾಡೊ'. ಎ1 ಎಂಬ ಮಾದರಿಯ ಎಂಜಿನ್ನುಗಳೆಲ್ಲ 1960ರ ದಶಕದಲ್ಲಿ ಗುಜರಿಗೆ ಹೋಗಿ ಒಂದೂ ಉಳಿದಿರಲಿಲ್ಲವಾದ್ದರಿಂದ 1990ರಲ್ಲಿ ಕೆಲವರು ಸೇರಿ ಹೊಸದಾಗಿ ಒಂದನ್ನು ಕಟ್ಟಲು ಟ್ರಸ್ಟ್ ರಚಿಸಿದರು. ದೊಡ್ಡ ಸಾಹುಕಾರನ ಹಿಂದೆ ಬೀಳದೆ, ವಾರಕ್ಕೊಂದು ಲೋಟ ಬಿಯರ್‌ನ ಬೆಲೆಯನ್ನು ತಿಂಗಳು ತಿಂಗಳು ಕೊಡುವ ಸಾವಿರಾರು ಸಾಮಾನ್ಯ ಚಂದಾದಾರರನ್ನು ಹುಡುಕಿದ್ದು ಅವರ ಜಾಣತನ. ಬಾಯ್ಲರ್ ಕಟ್ಟಲು ಬ್ರಿಟನ್ನಿನಲ್ಲಿ ಸೂಕ್ತ ಕಾರ್ಖಾನೆ ದೊರೆಯದೆ ಜರ್ಮನಿಯ ಮೈನಿಂಗನ್‌ನಲ್ಲಿ ಮಾಡಿಸಬೇಕಾಯಿತು. ಆ ಖರ್ಚಿಗಾಗಿ ಬಾಂಡುಗಳನ್ನು ಹೊರಡಿಸಿದರು. ಸುಮಾರು 30 ಲಕ್ಷ ಪೌಂಡು ವೆಚ್ಚದಲ್ಲಿ 2008ರಲ್ಲಿ ಎಂಜಿನ್ ಸಿದ್ಧವಾಯಿತು. 2009ರ ಜನವರಿ 31ರಂದು ಮೊದಲ ಪ್ರಯಾಣಿಕ ರೈಲನ್ನು ಎಳೆಯಿತು.

ಟೊರ್ನಾಡೊಗೂ ಕಷ್ಟಗಳು ಬಾರದೆ ಇರಲಿಲ್ಲ. 2018ರ ಏಪ್ರಿಲ್‌ನಲ್ಲಿ ಗಂಟೆಗೆ 90 ಮೈಲಿ ವೇಗದಲ್ಲಿ ಪ್ರವಾಸ ರೈಲನ್ನು ಎಳೆಯುತ್ತಿದ್ದಾಗಲೇ ಅದರ ಕವಾಟ ಯಂತ್ರಭಾಗ ಮುರಿದು ತಿಂಗಳುಗಟ್ಟಲೆ ಗಳಿಕೆ ನಿಂತಿತು. 2022ರಲ್ಲಿ ದೊಡ್ಡ ಓವರ್‌ಹಾಲ್‌ಗೆ ಹೋಯಿತು. ಎರಡು ಸಂದರ್ಭಗಳಲ್ಲಿಯೂ ಚಂದಾ ಬರುವುದು ನಿಲ್ಲಲಿಲ್ಲ. ಎಂಜಿನ್ ಓಡದಿದ್ದ ತಿಂಗಳಲ್ಲೂ ಬರುವ ಆದಾಯ ಇರುವುದೇ ಪೆಗ್ಲರ್ ಮತ್ತು ಮಾರ್ಚಿಂಗ್ಟನ್ ಅವರಿಗೂ ಈ ಟ್ರಸ್ಟಿಗೂ ಇರುವ ವ್ಯತ್ಯಾಸ.

ಲೆಕ್ಕಪತ್ರದಲ್ಲಿ ಓವರ್‌ಹಾಲ್‌ನ ಸ್ಥಾನ

ಹತ್ತನೆಯ ವರ್ಷದ ಖರ್ಚಿಗೆ ಮೊದಲ ವರ್ಷದಿಂದಲೇ ಲಾಭನಷ್ಟ ಪತ್ರದಲ್ಲಿ ಪ್ರಾವಿಜನ್ ಮಾಡಬಹುದಲ್ಲವೆ ಎಂದು ವ್ಯಾಪಾರಿಗಳು ಸಹಜವಾಗಿಯೇ ಕೇಳುವುದುಂಟು. ಲೆಕ್ಕಪತ್ರ ಮಾನದಂಡಗಳು ಇದಕ್ಕೆ ಒಪ್ಪುವುದಿಲ್ಲ. ಭಾರತದ ಮಾನದಂಡ 29ರ ಪ್ರಕಾರವಾಗಲಿ ಅಂತರರಾಷ್ಟ್ರೀಯ ಮಾನದಂಡ 37ರ ಪ್ರಕಾರವಾಗಲಿ, ಈಗಾಗಲೇ ನಡೆದ ಘಟನೆಯಿಂದ ತಪ್ಪಿಸಿಕೊಳ್ಳಲಾಗದ ಹೊಣೆ ಹುಟ್ಟಿದ್ದರೆ ಮಾತ್ರ ಪ್ರಾವಿಜನ್ ಸಲ್ಲುತ್ತದೆ. ಮುಂದೆ ಮಾಡಬೇಕಾದ ದುರಸ್ತಿ ಅಂತಹ ಹೊಣೆಯಲ್ಲ; ಏಕೆಂದರೆ ಮಾಲೀಕ ಬೇಕಿದ್ದರೆ ಯಂತ್ರವನ್ನು ನಿಲ್ಲಿಸಬಹುದು, ಮಾರಬಹುದು. ಕಾನೂನೇ ನಿಗದಿತ ಕಾಲಕ್ಕೆ ಓವರ್‌ಹಾಲ್ ಮಾಡಬೇಕೆಂದು ವಿಧಿಸಿದ್ದರೂ ಉತ್ತರ ಇದೇ.

ಹಾಗಿದ್ದರೆ ದಾರಿ ಯಾವುದು? ಓವರ್‌ಹಾಲ್ ಮುಗಿದಾಗ ಅದರ ವೆಚ್ಚವನ್ನು ಆಸ್ತಿಯ ಪ್ರತ್ಯೇಕ ಅಂಗವೆಂದು ಪರಿಗಣಿಸಿ, ಮುಂದಿನ ಓವರ್‌ಹಾಲ್‌ವರೆಗಿನ ವರ್ಷಗಳಿಗೆ ಸವಕಳಿಯಾಗಿ ಹಂಚುವುದು. ಎಂಜಿನ್ನಿನ ಚೌಕಟ್ಟಿಗೆ ಐವತ್ತು ವರ್ಷದ ಆಯುಷ್ಯವಿದ್ದರೂ ಬಾಯ್ಲರ್ ಓವರ್‌ಹಾಲ್‌ಗೆ ಹತ್ತೇ ವರ್ಷ. 2016ರಿಂದ ಜಾರಿಯಲ್ಲಿರುವ ಪರಿಷ್ಕೃತ ಮಾನದಂಡ 10ರಂತೆ ನಮ್ಮಲ್ಲಿಯೂ ದೊಡ್ಡ ಯಂತ್ರಗಳ ಅಂಗಗಳನ್ನು ಹೀಗೆಯೇ ಬೇರ್ಪಡಿಸಬೇಕು. ಆದರೆ ಸವಕಳಿಯ ನಮೂದು ಲಾಭವನ್ನು ಕಡಿಮೆ ತೋರಿಸುತ್ತದೆಯೇ ಹೊರತು ಪೆಟ್ಟಿಗೆಯಲ್ಲಿ ಹಣ ಇಡುವುದಿಲ್ಲ. ಆ ಮೊತ್ತದಷ್ಟನ್ನು ಪ್ರತಿ ವರ್ಷ ಬೇರೆ ಠೇವಣಿಯಲ್ಲಿ ತೊಡಗಿಸಿ, ಅದಕ್ಕೆ ಸರಿಯಾಗಿ ಲಾಭದಿಂದ ಮೀಸಲು ನಿಧಿಗೆ ವರ್ಗಾಯಿಸಿದಾಗ ಮಾತ್ರ ಹತ್ತನೆಯ ವರ್ಷ ಭಯ ಹುಟ್ಟಿಸುವುದಿಲ್ಲ. ಇಂತಹ ಮೀಸಲಿಗೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯದೆಂಬ ಕಾರಣಕ್ಕೆ ಅನೇಕರು ಆ ಕಡೆ ತಲೆ ಹಾಕುವುದಿಲ್ಲ. ತೆರಿಗೆಯ ಕಡಿತ ಸಿಗದಿದ್ದರೂ ಬಾಯ್ಲರ್ ತನ್ನ ಸಮಯಕ್ಕೆ ಸವೆಯುತ್ತದೆ.

ಹೊರಗಿನಿಂದ ಬರುವ ಹೊಡೆತಗಳು

ಉಗಿ ಎಂಜಿನ್ನುಗಳಿಗೆ ಒಗ್ಗುತ್ತಿದ್ದ ವೇಲ್ಸಿನ ಕಲ್ಲಿದ್ದಲು ಪೂರೈಸುತ್ತಿದ್ದ ಫೋಸ್-ಇ-ಫ್ರಾನ್ ಗಣಿ 2023ರ ನವೆಂಬರ್‌ನಲ್ಲಿ ಮುಚ್ಚಿತು. ಅಂದಿನಿಂದ ಆಮದು ಕಲ್ಲಿದ್ದಲಿನ ಬೆಲೆ, ಹಡಗು ಸಾಗಣೆ, ಗುಣಮಟ್ಟ ಎಲ್ಲವೂ ಲೆಕ್ಕದೊಳಗೆ ಬಂದಿವೆ. 2018 ಮತ್ತು 2022ರಂತಹ ಒಣ ಬೇಸಿಗೆಗಳಲ್ಲಿ ಕಿಡಿಯಿಂದ ಹುಲ್ಲುಗಾವಲಿಗೆ ಬೆಂಕಿ ತಗಲುವ ಅಪಾಯದಿಂದಾಗಿ ಹಲವು ಪ್ರವಾಸಗಳು ಡೀಸೆಲ್ ಎಂಜಿನ್ನಿನ ಪಾಲಾದವು. ಉಗಿ ಎಂದು ಹಣ ಕೊಟ್ಟವನಿಗೆ ಡೀಸೆಲ್ ತೋರಿಸಿದರೆ ಮುಖ ಗಂಟಿಕ್ಕುವುದು ಸಹಜ.

ಸುರಕ್ಷತೆಯ ನಿಯಮಗಳ ಹೊಡೆತ ಇನ್ನೂ ದೊಡ್ಡದು. ಹಳೆಯ ಬೋಗಿಗಳ ಬಾಗಿಲನ್ನು ಪ್ರಯಾಣಿಕನೇ ಕೈಯಿಂದ ತೆರೆಯಬಹುದಾದ್ದರಿಂದ ಅವುಗಳಿಗೆ ಕೇಂದ್ರೀಕೃತ ಬೀಗ ಅಳವಡಿಸಬೇಕೆಂಬುದು ನಿಯಂತ್ರಣ ಪ್ರಾಧಿಕಾರದ ಪಟ್ಟು. ಸ್ಕಾಟ್ಲೆಂಡಿನಲ್ಲಿ ಫೋರ್ಟ್ ವಿಲಿಯಂನಿಂದ ಮಲೇಗ್‌ವರೆಗೆ 41 ಮೈಲಿ ಓಡುವ, ಹ್ಯಾರಿ ಪಾಟರ್ ಚಿತ್ರಗಳಿಂದ ಜಗತ್ಪ್ರಸಿದ್ಧವಾದ 'ಜಾಕೊಬೈಟ್' ರೈಲನ್ನು ನಡೆಸುವ ವೆಸ್ಟ್ ಕೋಸ್ಟ್ ರೈಲ್ವೇಸ್ ವಿನಾಯಿತಿ ಕೋರಿ ನ್ಯಾಯಾಲಯಕ್ಕೆ ಹೋಗಿ 2023ರ ಡಿಸೆಂಬರ್‌ನಲ್ಲಿ ಸೋತಿತು. 2024ರ ಋತುವಿನ ಆರಂಭದಲ್ಲಿ ರೈಲನ್ನು ನಿಲ್ಲಿಸಬೇಕಾಯಿತು. ಪ್ರವಾಸಿಗರನ್ನೇ ನಂಬಿದ ಮಲೇಗ್‌ನ ಅಂಗಡಿ, ಹೋಟೆಲುಗಳಿಗೆ ರೈಲು ನಿಂತರೆ ಏನಾಗುತ್ತದೆಂಬುದು ಆಗ ಚೆನ್ನಾಗಿ ಅರಿವಾಯಿತು. ಮುಂದೆ ಕಾದಿರುವುದು ಸಿಗ್ನಲ್‌ಗಳ ಬದಲಾವಣೆ. ಹಳಿಯ ಪಕ್ಕದ ಕಂಬಗಳು ಹೋಗಿ ಎಂಜಿನ್ನಿನೊಳಗಿನ ಪರದೆಯಲ್ಲಿ ಸೂಚನೆ ಕಾಣುವ ವ್ಯವಸ್ಥೆ ಬಂದ ಮಾರ್ಗಗಳಲ್ಲಿ, ಆ ಉಪಕರಣವಿಲ್ಲದ ಉಗಿ ಎಂಜಿನ್ನಿಗೆ ಪ್ರವೇಶವಿಲ್ಲ. ಹೊಗೆ, ಮಸಿ, ಕಂಪನಗಳ ನಡುವೆ ಗಣಕ ಯಂತ್ರವನ್ನು ಕೂರಿಸುವ ಆ ಪ್ರಯೋಗಕ್ಕೆ ಆಯ್ಕೆಯಾದದ್ದು ಟೊರ್ನಾಡೊ.

ನಮ್ಮ ದೇಶದಲ್ಲಿ ಇಂತಹ ಪ್ರವಾಸಗಳ ಲೆಕ್ಕ ಬೇರೆ. 1855ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ತಯಾರಾದ 'ಫೇರಿ ಕ್ವೀನ್' 1997ರಲ್ಲಿ ದೆಹಲಿ ಕಂಟೋನ್ಮೆಂಟಿನಿಂದ ಅಲ್ವರ್‌ಗೆ ಪ್ರವಾಸಿಗರನ್ನು ಒಯ್ಯತೊಡಗಿತು. ನೀಲಗಿರಿ ಮಾರ್ಗಕ್ಕಾಗಿ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ಕಾರ್ಯಾಗಾರ ಈ ಶತಮಾನದಲ್ಲಿಯೂ ಹೊಸ ಉಗಿ ಎಂಜಿನ್ನುಗಳನ್ನು ಕಟ್ಟಿಕೊಟ್ಟಿದೆ. ಹಳಿ, ಎಂಜಿನ್, ಸಿಬ್ಬಂದಿ, ಕಾರ್ಯಾಗಾರ ಎಲ್ಲವೂ ರೈಲ್ವೆ ಇಲಾಖೆಯವೇ ಆದ್ದರಿಂದ ಇಲ್ಲಿ ಯಾವ ಮಾಲೀಕನೂ ದಿವಾಳಿಯಾಗುವುದಿಲ್ಲ. ಒಂದು ಎಂಜಿನ್ನಿನ ನಿಜವಾದ ಖರ್ಚೆಷ್ಟೆಂಬುದು ಇಲಾಖೆಯ ದೊಡ್ಡ ಲೆಕ್ಕದೊಳಗೆ ಕರಗಿಹೋಗುತ್ತದೆ.

ವ್ಯಾಪಾರ ಮೇಳಗಳಿಗಾಗಿ ಬ್ರಿಟನ್ನಿಗೆ ಹೋಗುವ ಸದಸ್ಯರು ಒಂದು ಶನಿವಾರವನ್ನು ಈ ಪ್ರವಾಸಕ್ಕೆ ಮೀಸಲಿಡಬಹುದು. ಟಿಕೆಟ್ಟನ್ನು ತಿಂಗಳುಗಳ ಮೊದಲೇ ಕಾದಿರಿಸಬೇಕು. ಷರತ್ತುಗಳನ್ನು ಓದುವಾಗ ಉಗಿ ಎಂಜಿನ್ ಲಭ್ಯವಾಗದಿದ್ದರೆ ಬೇರೆ ಎಂಜಿನ್ ಬಳಸುವ ಹಕ್ಕನ್ನು ಸಂಘಟಕ ಉಳಿಸಿಕೊಂಡಿದ್ದಾನೆಯೇ, ಹಾಗಾದಲ್ಲಿ ಹಣ ಎಷ್ಟು ಮರಳುತ್ತದೆ ಎಂಬುದನ್ನು ನೋಡಿಕೊಳ್ಳುವುದು ಒಳ್ಳೆಯದು. ಏರುಹಾದಿಯಲ್ಲಿ ಎಂಜಿನ್ನಿನ ಸದ್ದು ಕೇಳಬೇಕೆನ್ನುವವರು ಮುಂದಿನ ಬೋಗಿಗಳಲ್ಲಿ ಆಸನ ಕೇಳಬೇಕು. ಕಿಟಕಿ ತೆರೆದಿಟ್ಟರೆ ಬಿಳಿಯ ಅಂಗಿಗೆ ಮಸಿ ಖಚಿತ.